ಒಂದೇ ಗುರಾಣಿ, ಹತ್ತಾರು ಮನೆತನ: ಪೋಲೆಂಡಿನ ಹಳೇ ಲಾಂಛನಗಳ ಬಗ್ಗೆ ಒಂದು ಅನುಮಾನ

ಕುಂಚಪ್ಪ_ತುಮಕೂರು:
ಎಲ್ಲರಿಗೂ ನಮಸ್ಕಾರ. ಹಳೇ ಲಾಂಛನಗಳ ಚಿತ್ರ ಬಿಡಿಸೋದು ನನ್ನ ಹುಚ್ಚು. ಇಂಗ್ಲೆಂಡು, ಫ್ರಾನ್ಸ್ ಒಂದಷ್ಟು ಮುಗಿಸಿ ಈಗ ಪೋಲೆಂಡಿಗೆ ಕೈ ಹಾಕಿದ್ದೇನೆ. ಮೊದಲನೇ ದಿನವೇ ತಲೆ ಕೆಟ್ಟಿತು. ತಾರ್ನೊವ್ಸ್ಕಿ ಅಂತ ಒಂದು ದೊಡ್ಡ ಮನೆತನ. ಅವರ ಗುರಾಣಿ ನೀಲಿ, ಅದರ ಮೇಲೆ ಬಂಗಾರದ ಅರ್ಧಚಂದ್ರ ಮತ್ತು ಆರು ಮೂಲೆಯ ನಕ್ಷತ್ರ. ಸರಿ, ಬಿಡಿಸಿದೆ. ಮುಂದಿನದು ಮೆಲ್ಶ್ಟಿನ್ಸ್ಕಿ. ಅದೂ ನೀಲಿ, ಚಂದ್ರ, ನಕ್ಷತ್ರ. ಆಮೇಲೆ ಯಾರೊಸ್ವಾವ್ಸ್ಕಿ. ಮತ್ತೆ ಅದೇ! ನಾನು ನೋಡ್ತಿರೋ ಪಟ್ಟಿಯೇ ತಪ್ಪಾ, ಅಥವಾ ಪೋಲೆಂಡಿನವರಿಗೆ ಬೇರೆ ಚಿತ್ರ ಹೊಳೆಯಲಿಲ್ವಾ?

ಮಸಿಕುಡಿಕೆ:
ಪಟ್ಟಿ ಸರಿ ಇದೆ. ಆ ಗುರಾಣಿ ಮನೆತನದ್ದಲ್ಲ, ಕುಲದ್ದು. ಹೆಸರು ಲೆಲಿವಾ. ಪೋಲೆಂಡಿನಲ್ಲಿ ಪ್ರತಿ ಲಾಂಛನಕ್ಕೂ ಹೀಗೆ ತನ್ನದೇ ಹೆಸರಿದೆ: ಲೆಲಿವಾ, ನಾವೆಂಚ್, ತೊಪೂರ್, ಪೊರಾಯ್, ರಾವಿಚ್, ಸುಲಿಮಾ. ಒಂದೊಂದರ ಕೆಳಗೆ ಹತ್ತಾರು ಮನೆತನ. ನಂತರದ ಶತಮಾನಗಳಲ್ಲಿ ಕೆಲವು ಲಾಂಛನಗಳ ಕೆಳಗೆ ನೂರಾರು ಬಂದವು.

ನೀವು ಹೇಳಿದ ಮೂರನ್ನೇ ತಗೊಳ್ಳಿ. ಹದಿನಾಲ್ಕನೇ ಶತಮಾನದ ಮೊದಲರ್ಧದಲ್ಲಿ ಸ್ಪಿತ್ಸಿಮಿರ್ ಎಂಬ ಸರದಾರ ಇದ್ದ. ಕ್ರಾಕುವ್‌ನ ಕೋಟೆಯ ಅಧಿಪತಿ, ರಾಜರಿಗೆ ಬಹಳ ಬೇಕಾದವನು. 1330ರಲ್ಲಿ ತಾರ್ನುವ್ ಪಟ್ಟಣ ಕಟ್ಟಿಸಲು ಅಪ್ಪಣೆ ಪಡೆದ. ಮೆಲ್ಶ್ಟಿನ್ ಕೋಟೆಯೂ ಅವನದ್ದೇ. ಒಬ್ಬ ಮಗನ ಸಂತತಿ ತಾರ್ನುವ್‌ನಲ್ಲಿ ನೆಲೆಸಿತು, ಅವರು ತಾರ್ನೊವ್ಸ್ಕಿ ಆದರು. ಇನ್ನೊಬ್ಬ ಮಗನ ಸಂತತಿ ಮೆಲ್ಶ್ಟಿನ್‌ನಲ್ಲಿ, ಅವರು ಮೆಲ್ಶ್ಟಿನ್ಸ್ಕಿ. ತಾರ್ನುವ್ ಕಡೆಯ ಒಂದು ಕವಲು ಯಾರೊಸ್ವಾವ್‌ಗೆ ಹೋಯಿತು, ಅಲ್ಲಿ ಯಾರೊಸ್ವಾವ್ಸ್ಕಿ. ಆಗ ಸರದಾರರಿಗೆ ಗಟ್ಟಿಯಾದ ಅಡ್ಡಹೆಸರು ಇರಲಿಲ್ಲ. ಕೈಯಲ್ಲಿರೋ ಊರೇ ಹೆಸರು. ಊರು ಬದಲಾದರೆ ಹೆಸರೂ ಬದಲು. ಅಣ್ಣ ಒಂದು ಹೆಸರು, ತಮ್ಮ ಇನ್ನೊಂದು. ಬದಲಾಗದೆ ಉಳಿಯುತ್ತಿದ್ದದ್ದು ಲಾಂಛನ ಒಂದೇ. ಇವರಿಬ್ಬರೂ ಒಂದೇ ರಕ್ತ ಅಂತ ತೋರಿಸಲು ಬೇರೆ ಗುರುತೇ ಇರಲಿಲ್ಲ.

ಅಂದಹಾಗೆ ತಾರ್ನುವ್ ನಗರದ ಲಾಂಛನ ಇವತ್ತಿಗೂ ಅದೇ ಚಂದ್ರ, ನಕ್ಷತ್ರ.

ಕೋಟೆಬಾಗಿಲು:
ಇದರ ವಿಚಿತ್ರ ಗೊತ್ತಾಗಬೇಕಾದರೆ ಅದೇ ಕಾಲದ ಇಂಗ್ಲೆಂಡ್ ನೋಡಬೇಕು. 1385ರಲ್ಲಿ ಸ್ಕಾಟ್ಲೆಂಡಿನ ಮೇಲೆ ದಂಡೆತ್ತಿ ಹೋದಾಗ ಸ್ಕ್ರೋಪ್ ಮತ್ತು ಗ್ರೋವ್ನರ್ ಎಂಬ ಇಬ್ಬರು ಒಂದೇ ಗುರಾಣಿ ಹಿಡಿದು ಬಂದಿದ್ದರು. ನೀಲಿಯ ಮೇಲೆ ಬಂಗಾರದ ಓರೆ ಪಟ್ಟಿ, ಅಷ್ಟೇ. ಅದಕ್ಕೆ ಕೇಸು! ನೂರಾರು ಸಾಕ್ಷಿಗಳು. ಕವಿ ಚಾಸರ್ ಕೂಡ ಬಂದು ಹೇಳಿಕೆ ಕೊಟ್ಟ. 1390ರಲ್ಲಿ ರಾಜನೇ ಕೊನೇ ತೀರ್ಪು ಕೊಡಬೇಕಾಯಿತು. ಗ್ರೋವ್ನರ್ ಸೋತ, ಬೇರೆ ಗುರಾಣಿ ಮಾಡಿಕೊಂಡ.

ಪೋಲೆಂಡಿನಲ್ಲಿ ಇಬ್ಬರು ಒಂದೇ ಗುರಾಣಿ ಹಿಡಿದು ಎದುರಾದರೆ "ಓ, ನಮ್ಮವನೇ" ಅಂತ ತಬ್ಬಿಕೊಳ್ಳಬೇಕಿತ್ತು. ಅಲ್ಲಿ ಲಾಂಛನಗಳನ್ನು ಹಂಚಲು, ತಿದ್ದಲು, ದಂಡ ಹಾಕಲು ಪ್ರತ್ಯೇಕ ಕಚೇರಿಯೇ ಇರಲಿಲ್ಲ. ಹಿರಿಮಗನಿಗೆ ಒಂದು ಗುರುತು, ಎರಡನೆಯವನಿಗೆ ಇನ್ನೊಂದು ಎಂಬ ಇಂಗ್ಲಿಷ್ ಪದ್ಧತಿಯೂ ಬೇರೂರಲಿಲ್ಲ.

ಸುಮ್ನೆ_ಕೇಳ್ತೀನಿ:
ಹಾಗಾದ್ರೆ ನಮ್ಮ ಗೋತ್ರದ ಹಾಗೆ ಅಲ್ವಾ? ಒಂದೇ ಲಾಂಛನದವರು ಮದುವೆ ಆಗೋ ಹಾಗಿರಲಿಲ್ವಾ?

ಮಸಿಕುಡಿಕೆ:
ಅರ್ಧ ಸರಿ. ಹುಟ್ಟಿನಿಂದ ಬರೋದು, ಅಪ್ಪನ ಕಡೆಯಿಂದ ಬರೋದು, ದೂರದ ಊರಿನ ಅಪರಿಚಿತನನ್ನೂ ನಂಟನನ್ನಾಗಿ ಮಾಡೋದು, ಇದೆಲ್ಲ ಹೋಲುತ್ತದೆ. ಮದುವೆ ವಿಷಯಕ್ಕೆ ಹೋಲಿಕೆ ನಿಲ್ಲೋದಿಲ್ಲ. ಅಲ್ಲಿ ತಡೆ ಇದ್ದದ್ದು ಲಾಂಛನದಿಂದಲ್ಲ, ಚರ್ಚಿನಿಂದ. 1215ರ ಲ್ಯಾಟರನ್ ಸಭೆಯ ನಂತರ ನಾಲ್ಕು ತಲೆಮಾರಿನೊಳಗಿನ ರಕ್ತಸಂಬಂಧದಲ್ಲಿ ಮದುವೆ ಕೂಡದು ಅನ್ನೋದು ನಿಯಮ. ಲಾಂಛನ ಒಂದೇ ಇದ್ದೂ ನೆಂಟಸ್ತಿಕೆ ದೂರದ್ದಾದರೆ ತೊಂದರೆಯಿಲ್ಲ.

ಕುಲ ನಿಜವಾಗಿ ಬೇಕಾಗುತ್ತಿದ್ದದ್ದು ಕೋರ್ಟಿನಲ್ಲಿ. ಅಲ್ಲಿನ 'ನಗಾನಾ' ಬಗ್ಗೆ ಹೇಳಲೇಬೇಕು. ಯಾರಾದರೂ ನಿಮ್ಮ ಮುಖಕ್ಕೆ "ನೀನು ಸರದಾರನೇ ಅಲ್ಲ, ರೈತನ ಮಗ" ಅಂದುಬಿಟ್ಟ ಅಂತಿಟ್ಟುಕೊಳ್ಳಿ. ಸುಮ್ಮನಿದ್ದರೆ ಜಮೀನು, ಹುದ್ದೆ, ಮಾನ ಎಲ್ಲಕ್ಕೂ ಕುತ್ತು. ಕಾಗದ ಪತ್ರ ತೋರಿಸೋಣ ಅಂದರೆ ಹೆಚ್ಚಿನವರ ಹತ್ತಿರ ಇಲ್ಲ. ಆಗ ಸಾಕ್ಷಿ ಕರೆತರಬೇಕು. ಸಾಮಾನ್ಯವಾಗಿ ಆರು ಜನ. ಅಪ್ಪನ ಕುಲದವರು ಮಾತ್ರ ಸಾಲದು, ತಾಯಿಯ ಮತ್ತು ಅಜ್ಜಿಯ ಕುಲದಿಂದಲೂ ಬರಬೇಕು. ಅವರು ಪ್ರಮಾಣ ಮಾಡಿ, ಇವನು ನಮ್ಮ ಸೋದರ, ನಮ್ಮ ಲಾಂಛನದವನು, ನಮ್ಮ ಕೂಗಿನವನು ಅಂತ ಹೇಳಬೇಕು. ಕರಣಿಕ ಲಾಂಛನದ ಹೆಸರು ಬರೆದುಕೊಳ್ಳುತ್ತಿದ್ದ. ಕೆಲವು ಸಲ ಚಿತ್ರ ಹೇಗಿದೆ ಅಂತಲೂ ಒಂದು ಸಾಲು. ಎಷ್ಟೋ ಲಾಂಛನಗಳ ಮೊದಲ ದಾಖಲೆ ನಮಗೆ ಸಿಗೋದು ಹದಿನಾಲ್ಕು, ಹದಿನೈದನೇ ಶತಮಾನದ ಇಂಥ ಕೋರ್ಟು ಪುಸ್ತಕಗಳಲ್ಲೇ.

ಅಂದರೆ ನೋಡಿ, ಸತ್ತುಹೋದ ಅಜ್ಜಿಯ ತವರು ಮನೆಯವರ ಜೊತೆಗೂ ಚೆನ್ನಾಗಿರಬೇಕಿತ್ತು. ಯಾವಾಗ ಸಾಕ್ಷಿಗೆ ಕರೆಯಬೇಕಾಗುತ್ತೋ!

ಕಡಲತಡಿ:
ಕೂಗು ಅಂದ್ರಲ್ಲ ಮಾರಾಯ್ರೆ, ಅದೇನು?

ಮಸಿಕುಡಿಕೆ:
ಯುದ್ಧದಲ್ಲಿ ಕುಲದವರನ್ನು ಒಟ್ಟು ಸೇರಿಸಲು ಕೂಗುವ ಹೆಸರು. ಅವರ ಭಾಷೆಯಲ್ಲಿ 'ಜಾವೊವಾನಿಯೆ'. ಕುಲದ ಲಾಂಛನಕ್ಕೂ ಸಾಮಾನ್ಯವಾಗಿ ಅದೇ ಹೆಸರು. ಧೂಳಿನಲ್ಲಿ, ಕಬ್ಬಿಣದ ಟೋಪಿಯೊಳಗಿಂದ ಗುರಾಣಿ ಕಾಣದಿದ್ದರೂ "ನಾವೆಂಚ್! ನಾವೆಂಚ್!" ಅಂದರೆ ಕೇಳಿಸುತ್ತೆ.

ಕೋಟೆಬಾಗಿಲು:
ಕಾಣಿಸಿದರೂ ಏನು ಉಪಯೋಗ ಅನ್ನಿ. ಅರ್ಧಕ್ಕರ್ಧ ಗುರಾಣಿ ಕೆಂಪು! ತೊಪೂರ್ ಕೆಂಪಿನ ಮೇಲೆ ಬೆಳ್ಳಿ ಕೊಡಲಿ. ನಾವೆಂಚ್ ಕೆಂಪಿನ ಮೇಲೆ ಗಂಟು ಹಾಕಿದ ಬಿಳಿ ತಲೆಪಟ್ಟಿ. ಪೊರಾಯ್ ಕೆಂಪಿನ ಮೇಲೆ ಐದು ಎಸಳಿನ ಬಿಳಿ ಗುಲಾಬಿ. ಅಬ್ದಾಂಕ್ ಕೆಂಪಿನ ಮೇಲೆ ಬಿಳಿ ಅಂಕುಡೊಂಕು ಗೆರೆ. ವೊಜಾ ಕೆಂಪಿನ ಮೇಲೆ ಬಂಗಾರದ ದೋಣಿ. ಕೆಂಪು ಮುಗಿದರೆ ನೀಲಿ, ನೀಲಿ ಮೇಲೆ ಕುದುರೆ ಲಾಳ. ಲಾಳದೊಳಗೆ ಶಿಲುಬೆ, ಲಾಳದ ಮೇಲೆ ಶಿಲುಬೆ, ಒಳಗೂ ಮೇಲೂ ಶಿಲುಬೆ, ಲಾಳದ ಮೇಲೆ ಶಿಲುಬೆ ನೆಟ್ಟು ಅದರ ಮೇಲೊಂದು ಕಾಗೆ. ಪ್ರತಿಯೊಂದೂ ಬೇರೆ ಬೇರೆ ಲಾಂಛನ.

1410ರ ಜುಲೈ 15ರಂದು ಪೋಲೆಂಡ್, ಲಿಥುವೇನಿಯಾ ಸೇರಿ ಟ್ಯೂಟಾನಿಕ್ ನೈಟ್‌ಗಳ (ಜರ್ಮನ್ ಧಾರ್ಮಿಕ ಯೋಧರ ಪಂಗಡ) ವಿರುದ್ಧ ನಡೆಸಿದ ಗ್ರುನ್‌ವಾಲ್ಡ್ ಯುದ್ಧದಲ್ಲಿ ಸೈನ್ಯ ಬಾವುಟಗಳ ಕೆಳಗೆ ಹಂಚಿಹೋಗಿತ್ತು. ಪೋಲೆಂಡಿನವು 50, ಲಿಥುವೇನಿಯಾದವು 40 ಅಂತ ದ್ವುಗೋಶ್ ಬರೆದಿದ್ದಾನೆ. ಸೀಮೆಗಳ ಬಾವುಟ ಇದ್ದವು, ದೊಡ್ಡ ಸರದಾರರ ಸ್ವಂತ ಬಾವುಟ ಇದ್ದವು, ಕುಲದ ಬಾವುಟವೂ ಇದ್ದವು. ಗ್ರಿಫ್ ಕುಲದವರು ಕೆಂಪಿನ ಮೇಲೆ ಬಿಳಿ ಗ್ರಿಫಿನ್ (ಹದ್ದಿನ ತಲೆಯ ಸಿಂಹ) ಇದ್ದ ಬಾವುಟದ ಕೆಳಗೆ ಒಟ್ಟಿಗೆ ನಿಂತಿದ್ದರು. ದೊಡ್ಡದಾದ ಕ್ರಾಕುವ್ ಬಾವುಟ, ಬಿಳಿ ಹದ್ದಿನದ್ದು, ಯುದ್ಧದ ನಡುವೆ ಒಮ್ಮೆ ಕೆಳಗೆ ಬಿತ್ತು. ಸುತ್ತಲಿದ್ದವರು ತಕ್ಷಣ ಎತ್ತಿ ಹಿಡಿದರು, ಇಲ್ಲದಿದ್ದರೆ ಸೈನ್ಯ ಚದುರುತ್ತಿತ್ತು.

ಕುಂಚಪ್ಪ_ತುಮಕೂರು:
ದ್ವುಗೋಶ್ ಯಾರು?

ಮಸಿಕುಡಿಕೆ:
ಯಾನ್ ದ್ವುಗೋಶ್, 1415ರಿಂದ 1480. ಕ್ರಾಕುವ್‌ನ ಪಾದ್ರಿ, ಇತಿಹಾಸಕಾರ. ಅವನಪ್ಪ ಗ್ರುನ್‌ವಾಲ್ಡಿನಲ್ಲಿ ಕಾದಾಡಿದವನು. ಪೋಲೆಂಡಿನ ಲಾಂಛನಗಳ ಮೊದಲ ಪುಸ್ತಕ ಅವನ ಹೆಸರಿನಲ್ಲೇ ಇದೆ. ಒಂದೊಂದು ಕುಲದ ಸ್ವಭಾವವನ್ನೂ ಅದರಲ್ಲಿ ಬರೆದುಬಿಟ್ಟಿದ್ದಾನೆ, ಇವರು ಮುಂಗೋಪಿಗಳು, ಇವರು ಸಾಧುಗಳು ಅನ್ನೋ ಥರ. ಓದುವಾಗ ಮಜಾ ಇರುತ್ತೆ. ನಂಬೋದು ನಿಮಗೆ ಬಿಟ್ಟಿದ್ದು.

ಚಿತ್ರ ಬಿಡಿಸುವವರಿಗೆ ಅವನ ಇನ್ನೊಂದು ಕೆಲಸ ಮುಖ್ಯ. ಟ್ಯೂಟಾನಿಕ್ ನೈಟ್‌ಗಳಿಂದ, ಹೆಚ್ಚಾಗಿ ಗ್ರುನ್‌ವಾಲ್ಡಿನಲ್ಲಿ, ಕಿತ್ತುಕೊಂಡ ಬಾವುಟಗಳನ್ನು ಕ್ರಾಕುವ್‌ನ ವಾವೆಲ್ ಚರ್ಚಿನಲ್ಲಿ ತೂಗುಹಾಕಿದ್ದರು. 1448ರಲ್ಲಿ ಸ್ತಾನಿಸ್ವಾವ್ ದುರಿಂಕ್ ಎಂಬ ಕ್ರಾಕುವ್‌ನ ಚಿತ್ರಕಾರನನ್ನು ಹಿಡಿದು ಅವುಗಳ 56 ಚಿತ್ರ ಬರೆಸಿದ, ಅಳತೆ ಸಮೇತ. ಬಾವುಟಗಳು ಇವತ್ತು ಇಲ್ಲ. ಪುಸ್ತಕ ಇದೆ.

ರೂನ್_ರಾಜು:
ಎಲ್ಲರೂ ಮುಖ್ಯವಾದ್ದನ್ನೇ ಬಿಟ್ಟಿದ್ದೀರಿ. ಆ ಬಾಣ, ಲಾಳ, ಅಂಕುಡೊಂಕು ಗೆರೆ ಇವೆಲ್ಲ ಉತ್ತರ ಯುರೋಪಿನ ಹಳೇ ಲಿಪಿಯಾದ ರೂನ್ ಅಕ್ಷರಗಳು. ವೈಕಿಂಗರಿಂದ ಬಂದದ್ದು. ಪಿಯೆಕೊಸಿನ್ಸ್ಕಿ ಅಂತ ಪೋಲೆಂಡಿನ ದೊಡ್ಡ ವಿದ್ವಾಂಸರೇ ಹೇಳಿದ್ದಾರೆ.

ಕೋಟೆಬಾಗಿಲು:
ಹೇಳಿದ್ದಾರೆ, ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ. ಅವರ ಕಾಲದಲ್ಲೇ ವಿರೋಧ ಬಂತು. ಇವತ್ತಿನ ಇತಿಹಾಸಕಾರರು ಅದನ್ನು ಒಪ್ಪೋದಿಲ್ಲ. ಎರಡು ಗೆರೆ ಅಡ್ಡ, ಒಂದು ಗೆರೆ ಉದ್ದ ಎಳೆದರೆ ಯಾವುದೋ ಒಂದು ರೂನಿಗೆ ಹೋಲಿಕೆ ಬಂದೇ ಬರುತ್ತೆ ರಾಜು ಅವರೇ.

ರೂನ್_ರಾಜು:
ಹಾಗಾದ್ರೆ ಸಿಂಹ, ಹುಲಿ ಬಿಟ್ಟು ಬರೀ ಗೆರೆ ಯಾಕೆ? ಫ್ರಾನ್ಸಿನಲ್ಲಿ ಹೀಗಿಲ್ಲ.

ಮಸಿಕುಡಿಕೆ:
ಪ್ರಶ್ನೆ ಒಳ್ಳೇದು. ರೂನ್ ಇಲ್ಲದೆಯೂ ಉತ್ತರ ಇದೆ. ಆಸ್ತಿಗೆ ಹಾಕುವ ಗುರುತು. ದನಕ್ಕೆ ಬರೆ ಹಾಕಲು, ಗಡಿಯ ಮರಕ್ಕೆ ಕೊಡಲಿಯಿಂದ ಕಚ್ಚು ಹಾಕಲು ಸಿಂಹ ಬಿಡಿಸುತ್ತ ಕೂರೋಕಾಗಲ್ಲ. ನಾಲ್ಕು ಏಟಿನಲ್ಲಿ ಮುಗಿಯುವ ಗುರುತು ಬೇಕು. ಸರದಾರರ ಮೊಹರುಗಳು ಹದಿಮೂರನೇ ಶತಮಾನದಲ್ಲಿ ಸಿಗಲು ಶುರುವಾಗುತ್ತವೆ. ಅವುಗಳಲ್ಲಿ ಇಂಥ ಬರೀ ಗೆರೆಯ ಗುರುತುಗಳು ಇವೆ. ಪಶ್ಚಿಮದ ನೈಟ್‌ಗಳ ಫ್ಯಾಷನ್ ಬಂದಾಗ ಅದೇ ಗುರುತನ್ನು ಗುರಾಣಿಯೊಳಗೆ ಕೂರಿಸಿ ಬಣ್ಣ ಹಚ್ಚಿದರು. ಗೆರೆ ಬಾಣವಾಯಿತು, ಕಮಾನು ಲಾಳವಾಯಿತು. ಎಲ್ಲ ಲಾಂಛನಕ್ಕೂ ಇದೇ ಮೂಲ ಅನ್ನೋಕಾಗಲ್ಲ. ಜಾದೊರಾದಲ್ಲಿ ಬೆಂಕಿ ಉಗುಳುವ ಸಿಂಹದ ತಲೆ ಇದೆ, ಅದು ಅಪ್ಪಟ ಪಶ್ಚಿಮದ ಶೈಲಿ. ಓದ್ರೊವೊಂಶ್ ನೋಡಿ: ಮೇಲ್ಮುಖ ಬಾಣ, ಬುಡದಲ್ಲಿ ಎರಡು ಕಡೆ ಮೀಸೆಯಂತೆ ಸುರುಳಿ. ಅದನ್ನು ಯಾರೂ ಗುರಾಣಿಗೆ ಅಂತ ಕೂತು ಯೋಚಿಸಿ ಮಾಡಿದ್ದಲ್ಲ ಅಂತ ನನಗನಿಸುತ್ತೆ.

ಕಡಲತಡಿ:
ನನಗೆ ಕರಡಿ ಮೇಲೆ ಕೂತ ಹುಡುಗಿಯ ಚಿತ್ರ ಸಿಕ್ಕಿತು. ಅದು ಯಾವ ದನದ ಬರೆ ಮಾರಾಯ್ರೆ 😄

ಮಸಿಕುಡಿಕೆ:
ಹ್ಹೆಹ್ಹೆ, ಅದು ರಾವಿಚ್. ಹಳದಿ ಗುರಾಣಿ, ಕಪ್ಪು ಕರಡಿ, ಮೇಲೆ ಕಿರೀಟದ ಹುಡುಗಿ. ಅದಕ್ಕೊಂದು ಕಥೆ: ಇಂಗ್ಲೆಂಡಿನ ರಾಜನೊಬ್ಬ ಸತ್ತ. ತಂಗಿಗೆ ಪಾಲು ಕೊಡಲು ಮನಸ್ಸಿಲ್ಲದ ಅಣ್ಣ ಅವಳ ಕೋಣೆಗೆ ಕರಡಿ ಬಿಟ್ಟ. ಅವಳು ಅದನ್ನೇ ಹತ್ತಿ ಸವಾರಿ ಮಾಡಿಕೊಂಡು ಹೊರಗೆ ಬಂದಳು. ಇಂಥ ಕಥೆಗಳೆಲ್ಲ ಚಿತ್ರ ಮೊದಲು, ಕಾರಣ ಆಮೇಲೆ ಅನ್ನೋ ಲೆಕ್ಕ. ಯೆಲಿತಾ ಲಾಂಛನದ್ದೂ ಹಾಗೇ. ಕೆಂಪಿನ ಮೇಲೆ ಮೂರು ಬಂಗಾರದ ಈಟಿ. 1331ರ ಪ್ವೊವ್ತ್ಸೆ ಯುದ್ಧದಲ್ಲಿ ಫ್ಲೋರಿಯಾನ್ ಎಂಬ ನೈಟ್ ಮೂರು ಈಟಿ ಚುಚ್ಚಿಸಿಕೊಂಡು, ಹೊರಬಂದ ಕರುಳನ್ನು ಕೈಯಲ್ಲೇ ಒಳಗೆ ತಳ್ಳಿಕೊಳ್ಳುತ್ತಿದ್ದಾಗ ರಾಜ ವೊಕ್ಯೆತೆಕ್ ನೋಡಿದನಂತೆ. ಆದರೆ ಆ ಮೂರು ಈಟಿ ಕುಲದ ಬಳಿ ಅದಕ್ಕೂ ಮೊದಲೇ ಇದ್ದವು.

ವಿಸ್ತುಲಾ_ದಂಡೆ:
ಕ್ರಾಕುವ್‌ನಲ್ಲಿ ಕೆಲಸಕ್ಕಿದ್ದೇನೆ, ಈ ಚರ್ಚೆ ನೋಡಿ ಖುಷಿಯಾಯಿತು. 1413ರ ವಿಷಯ ಯಾರೂ ತೆಗೆದಿಲ್ಲವಲ್ಲ! ನನ್ನ ಪ್ರಕಾರ ಇಡೀ ಪೋಲಿಷ್ ಲಾಂಛನ ಪದ್ಧತಿಯಲ್ಲಿ ಅದಕ್ಕಿಂತ ದೊಡ್ಡ ಘಟನೆ ಇಲ್ಲ.

ಗ್ರುನ್‌ವಾಲ್ಡ್ ಗೆದ್ದು ಮೂರು ವರ್ಷ. ಪೋಲೆಂಡಿನ ರಾಜ ಯಾಗಿಯೆವೊ, ಲಿಥುವೇನಿಯಾ ಆಳುತ್ತಿದ್ದವನು ಅವನ ದಾಯಾದಿ ವಿಟೌಟಾಸ್. ಎರಡು ರಾಜ್ಯ ಸೇರಿವೆ, ಜನ ಸೇರಿಲ್ಲ. ಲಿಥುವೇನಿಯಾ ಕ್ರೈಸ್ತ ಆಗಿದ್ದೇ 1387ರಲ್ಲಿ. ಅಲ್ಲಿನ ಸರದಾರರಿಗೆ ಲಾಂಛನದ ರೂಢಿ ಅಷ್ಟಾಗಿ ಇಲ್ಲ. 1413ರ ಅಕ್ಟೋಬರ್ 2ರಂದು ಬುಗ್ ನದಿಯ ದಂಡೆಯ ಹೊರೊದ್ವೊ ಎಂಬಲ್ಲಿ ಎಲ್ಲರೂ ಸೇರಿದರು. ಪೋಲೆಂಡಿನ 47 ಕುಲಗಳು ಲಿಥುವೇನಿಯಾದ ಸರದಾರರನ್ನು ತಮ್ಮ ತಮ್ಮ ಲಾಂಛನಕ್ಕೆ ದತ್ತು ತಗೊಂಡವು. ಲೆಲಿವಾದ ಯಾನ್ ತಾರ್ನೊವ್ಸ್ಕಿ, ವಿಲ್ನಿಯಸ್ಸಿನ ಮೊದಲ ವೊಯ್ವೊಡ (ಪ್ರಾಂತಾಧಿಪತಿ) ಆದ ಮನ್ವಿದಾಸ್‌ನನ್ನು ಸೇರಿಸಿಕೊಂಡ. ಅಬ್ದಾಂಕ್ ಕುಲ ಗೊಷ್ಟೌಟಾಸ್‌ನನ್ನು, ಜಾದೊರಾ ಕುಲ ಕೆಸ್ಗೈಲಾನನ್ನು. ಅಸ್ತಿಕಾಸ್ ಎಂಬವನಿಗೆ ಟ್ರೊಂಬಿ ಸಿಕ್ಕಿತು, ಬಿಳಿಯ ಮೇಲೆ ಮೂರು ಕಪ್ಪು ಬೇಟೆ ಕಹಳೆ. ಅವನ ವಂಶವೇ ಮುಂದೆ ಲಿಥುವೇನಿಯಾದ ಅತಿ ಶ್ರೀಮಂತ ಮನೆತನ ರಾದ್ಜಿವಿವ್ ಆಯಿತು. ಅವರ ಲಾಂಛನದಲ್ಲಿ ಕಪ್ಪು ಹದ್ದಿನ ಎದೆಯ ಮೇಲೆ ಆ ಮೂರು ಕಹಳೆ ಇವತ್ತಿಗೂ ಇವೆ.

ಪೋಲಿಷ್ ಸರದಾರರು ಬರೆದ ಪತ್ರ ಕ್ರಾಕುವ್‌ನ ಚಾರ್ತೊರಿಸ್ಕಿ ಸಂಗ್ರಹದಲ್ಲಿದೆ. ಕೆಳಗೆ ಸಾಲಾಗಿ ಮೊಹರುಗಳು ನೇತಾಡುತ್ತವೆ. ಮೊದಲ ಸಾಲುಗಳಲ್ಲಿ ಜಮೀನು, ಹುದ್ದೆ, ಯುದ್ಧ ಯಾವುದೂ ಇಲ್ಲ. ಪ್ರೀತಿಯ ಬಗ್ಗೆ ಬರೆದಿದ್ದಾರೆ. ಪ್ರೀತಿಯ ಅಡಿಪಾಯ ಇಲ್ಲದ್ದು ನಿಲ್ಲೋದಿಲ್ಲ ಅಂತ.

ಸುಮ್ನೆ_ಕೇಳ್ತೀನಿ:
ಪ್ರೀತಿನೋ ರಾಜಕೀಯನೋ?

ವಿಸ್ತುಲಾ_ದಂಡೆ:
ಎರಡನೆಯದೇ ಜಾಸ್ತಿ. ದತ್ತು ಸಿಕ್ಕಿದ್ದು ಕ್ಯಾಥೊಲಿಕ್ ಸರದಾರರಿಗೆ ಮಾತ್ರ. ಲಿಥುವೇನಿಯಾದ ದೊಡ್ಡ ಭಾಗದಲ್ಲಿದ್ದ ಆರ್ಥೊಡಾಕ್ಸ್ ಸರದಾರರನ್ನು ಹೊರಗಿಟ್ಟರು. ಅದರ ಅಸಮಾಧಾನ ಒಳಗೊಳಗೇ ಬೆಳೆದು, ವಿಟೌಟಾಸ್ ಸತ್ತ ಮೇಲೆ ಅಂತರ್ಯುದ್ಧ ಶುರುವಾದಾಗ ಹೊರಗೆ ಬಂತು. 1434ರಲ್ಲಿ ಅವರಿಗೂ ಲಾಂಛನ ಸೇರುವ ಹಕ್ಕು ಕೊಡಬೇಕಾಯಿತು.

ಆದರೂ ಉಪಾಯ ಎಂಥದ್ದು ನೋಡಿ. ರಾಜ ಮನಸ್ಸು ಮಾಡಿದ್ದರೆ ಅವರಿಗೆ 47 ಹೊಸ ಲಾಂಛನ ಮಾಡಿಕೊಡಬಹುದಿತ್ತು. ಕೊಡಲಿಲ್ಲ. ಲಾಂಛನ ಕೊಟ್ಟವರು ಸರದಾರರು, ರಾಜ ಅಲ್ಲ. ಲಾಂಛನ ಒಬ್ಬನ ಸ್ವತ್ತಾಗಿದ್ದ ಇಂಗ್ಲೆಂಡಿನಲ್ಲಿ ಇಂಥದ್ದು ಊಹಿಸೋಕೂ ಆಗಲ್ಲ.

ಹಾಸನದ_ಆಕಾಶ:
ನಾನು ನಕ್ಷತ್ರ ನೋಡುವವನು, ಲಾಂಛನ ಗೊತ್ತಿಲ್ಲ. ಆದರೆ ಸ್ಕ್ಯೂಟಮ್ ಅನ್ನೋ ತಾರಾಪುಂಜ ಪೋಲೆಂಡಿನ ರಾಜನ ಗುರಾಣಿ ಅಂತ ಓದಿದ್ದೆ. ನಿಜಾನಾ?

ಕೋಟೆಬಾಗಿಲು:
ನಿಜ. ಮಧ್ಯಯುಗ ದಾಟಿ ಬಂದದ್ದು, ಆದರೂ ಹೇಳ್ತೀನಿ. ಯಾನ್ ಸೊಬಿಯೆಸ್ಕಿ 1683ರಲ್ಲಿ ವಿಯೆನ್ನಾ ಮುತ್ತಿಗೆ ಮುರಿದ. ಮರುವರ್ಷ ಗ್ದಾನ್ಸ್ಕ್‌ನ ಖಗೋಳಜ್ಞ ಹೆವೇಲಿಯಸ್ ಅವನ ಗೌರವಕ್ಕೆ 'ಸೊಬಿಯೆಸ್ಕಿಯ ಗುರಾಣಿ' ಅಂತ ಹೊಸ ತಾರಾಪುಂಜ ಹೆಸರಿಸಿದ. ಆಮೇಲೆ ರಾಜನ ಹೆಸರು ಬಿದ್ದುಹೋಗಿ ಗುರಾಣಿ ಮಾತ್ರ ಉಳಿಯಿತು. ತಮಾಷೆ ಅಂದ್ರೆ ಸೊಬಿಯೆಸ್ಕಿಯ ಕುಲ ಲಾಂಛನ ಯಾನಿನಾದಲ್ಲೂ ಇರೋದು ಗುರಾಣಿಯೇ: ಕೆಂಪು ಗುರಾಣಿಯೊಳಗೆ ನೇರಳೆ ಗುರಾಣಿ. ಬಣ್ಣದ ಮೇಲೆ ಬಣ್ಣ ಬರಬಾರದು, ಒಂದು ಬೆಳ್ಳಿಯೋ ಬಂಗಾರವೋ ಇರಬೇಕು ಅನ್ನೋ ನಿಯಮಕ್ಕೆ ಎಳ್ಳುನೀರು.

ಹಾಸನದ_ಆಕಾಶ:
ಧನ್ಯವಾದ. ನಮ್ಮಲ್ಲಿ ಆಗಸ್ಟ್, ಸೆಪ್ಟೆಂಬರ್ ಸಂಜೆ ಶ್ರವಣ ನಕ್ಷತ್ರದ ನೈಋತ್ಯಕ್ಕೆ ಹುಡುಕಿ. ಮಂಕು ನಕ್ಷತ್ರಗಳು, ಊರಿನ ಬೆಳಕಿನಲ್ಲಿ ಕಾಣೋದು ಕಷ್ಟ. ಬೈನಾಕ್ಯುಲರ್ ಇದ್ದರೆ ಅಲ್ಲೇ ಎಂ11 ನಕ್ಷತ್ರಗುಚ್ಛ ಚೆನ್ನಾಗಿ ಸಿಗುತ್ತೆ.

ಕಡಲತಡಿ:
ಒಂದು ಲಾಂಛನ ಅಂದ್ರೆ ಒಬ್ಬ ಮಾಡಿದ ತಪ್ಪು ಎಲ್ಲರ ತಲೆಗೆ ಬರ್ತದಲ್ಲ?

ಮಸಿಕುಡಿಕೆ:
ಬಂದ ಉದಾಹರಣೆಯೇ ಇದೆ. 1295ರಲ್ಲಿ ಪ್ಶೆಮಿಸ್ವ್ ಎಂಬವನು ರಾಜನಾದ. ಕಿರೀಟದ ಹದ್ದನ್ನು ರಾಜ್ಯದ ಗುರುತಾಗಿ ಮೊಹರಿನಲ್ಲಿ ಹಾಕಿಸಿದವನು ಅವನೇ. ಮರುವರ್ಷ ಫೆಬ್ರವರಿಯಲ್ಲಿ ಅವನ ಕೊಲೆ ಆಯಿತು. ಪಕ್ಕದ ಜರ್ಮನ್ ಸೀಮೆ ಬ್ರಾಂಡೆನ್‌ಬುರ್ಗಿನವರ ಕೈವಾಡ ಅಂತ ಒಂದು ಮಾತು, ನಾವೆಂಚ್ ಮತ್ತು ಜಾರೆಂಬಾ ಕುಲದವರು ಸೇರಿಕೊಂಡಿದ್ದರು ಅಂತ ಇನ್ನೊಂದು. ಆ ಎರಡು ಕುಲದವರು ಮುಂದೆ ಬಹಳ ಕಾಲ ಕಡುಗೆಂಪು ಬಟ್ಟೆ ಹಾಕುವಂತಿರಲಿಲ್ಲ, ಉಳಿದ ನೈಟ್‌ಗಳ ಸಾಲಿನಲ್ಲಿ ನಿಲ್ಲುವಂತಿರಲಿಲ್ಲ ಅಂತ ನಂತರದ ವೃತ್ತಾಂತಗಳು ಹೇಳುತ್ತವೆ. ಶಿಕ್ಷೆ ನಿಜವಾಗಿ ನಡೆಯಿತೋ ಇಲ್ಲವೋ, ಹಾಗೆ ನಡೆಯಬಹುದು ಅಂತ ಜನ ನಂಬಿದ್ದರಲ್ಲ, ನನಗೆ ಅದೇ ಮುಖ್ಯ.

ಹೊಸಬ_22:
ನನ್ನ ಪೋಲಿಷ್ ಸಹೋದ್ಯೋಗಿ ಅಡ್ಡಹೆಸರು ಹಾಕಿದರೆ ಲಾಂಛನ ಕೊಡುವ ಸೈಟಿನಿಂದ ಒಂದು ಫಲಕ ತರಿಸಿಕೊಂಡಿದ್ದಾನೆ. ಅದು ಅಸಲಿಯಾ?

ಕೋಟೆಬಾಗಿಲು:
ಗೋಡೆಗೆ ಚೆಂದ, ಅಷ್ಟೇ. ಮೇಲೆ ಹೇಳಿದ ಹಾಗೆ ಅಡ್ಡಹೆಸರು ಊರಿನಿಂದ ಬಂದದ್ದು. ಒಂದೇ ಹೆಸರಿನ ಊರು ಹತ್ತು ಕಡೆ ಇರಬಹುದು. ಹಾಗಾಗಿ ಒಂದೇ ಅಡ್ಡಹೆಸರಿನವರು ಬೇರೆ ಬೇರೆ ಲಾಂಛನದಲ್ಲಿ ಸಿಗುತ್ತಾರೆ. ಅದೇ ಹೆಸರಿನ ರೈತರೂ ಇದ್ದರು. ಇನ್ನು 1921ರ ಸಂವಿಧಾನವೇ ಕುಲ, ಲಾಂಛನದ ಹಕ್ಕುಗಳನ್ನು ಮಾನ್ಯ ಮಾಡಲ್ಲ ಅಂದುಬಿಟ್ಟಿತು.

ಈ ನಕಲಿ ಕಥೆ ಹೊಸದೂ ಅಲ್ಲ. ಹದಿನೇಳನೇ ಶತಮಾನದಲ್ಲಿ ತ್ರೆಪ್ಕಾ ಎಂಬ ಸಣ್ಣ ಸರದಾರ ಇದ್ದ. ಸುಳ್ಳು ಸರದಾರರನ್ನು ಕಂಡರೆ ಅವನಿಗೆ ಮೈ ಉರಿ. ಕೇಳಿದ್ದು, ನೋಡಿದ್ದು ಎಲ್ಲ ಸೇರಿಸಿ ಸುಮಾರು 2,500 ಹೆಸರಿನ ಪಟ್ಟಿ ಬರೆದ. ಇವನಪ್ಪ ಇಂಥ ಊರಿನಲ್ಲಿ ಹೆಂಡ ಮಾರುತ್ತಿದ್ದ, ಇವನಜ್ಜ ಗಿರಣಿಯವ ಅಂತ. ಅದು ಅಚ್ಚಾಗಿದ್ದು 1963ರಲ್ಲಿ. ಅವನು ಬಯಲು ಮಾಡಿದ ಉಪಾಯಗಳಲ್ಲಿ ನನಗೆ ಇಷ್ಟವಾದದ್ದು ಇದು: ದುಡ್ಡು ಕೊಟ್ಟು ಒಬ್ಬನ ಕೈಲಿ ನಿಮ್ಮ ಮೇಲೆ ನಗಾನಾ ಹಾಕಿಸೋದು. ದುಡ್ಡು ಕೊಟ್ಟು ಸಾಕ್ಷಿಗಳನ್ನೂ ತರಿಸೋದು. ಕೇಸು ಗೆದ್ದರೆ ನೀವು ಸರದಾರ ಅಂತ ಕೋರ್ಟೇ ಕಾಗದ ಕೊಡುತ್ತೆ!

ಮಸಿಕುಡಿಕೆ:
ಪಾಪ, ನಿಜವಾದ ಅಜ್ಜಿಯ ತವರಿನವರನ್ನು ಕಾಡಿ ಬೇಡಿ ಕರೆತಂದವರ ಗತಿ.

ವಿಸ್ತುಲಾ_ದಂಡೆ:
ಕುಂಚಪ್ಪ ಸರ್, ನೀವು ಪುಸ್ತಕದ ಚಿತ್ರಗಳಿಗಿಂತ ಲೊಂದ್ ಮಠದ ಗೋಡೆ ನೋಡಿ. ವಾರ್ತಾ ನದಿಯ ಪಕ್ಕದ ಸಿಸ್ಟರ್ಸಿಯನ್ ಪಂಥದ ಕ್ಯಾಥೊಲಿಕ್ ಸನ್ಯಾಸಿಗಳ ಮಠ. ಸಂತ ಯಾಕೋಬನ ಪುಟ್ಟ ಪ್ರಾರ್ಥನಾ ಕೋಣೆಯಲ್ಲಿ ಸುಮಾರು 1372ರ ಚಿತ್ರಗಳಿವೆ. ಮಾಡಿಸಿದವನು ವಿಯೆಜ್ಬಿಯೆಂತಾ, ನಿಯೆಸೊಬಿಯಾ ಲಾಂಛನದವನು. ಕೋಣೆಯ ಮಾದರಿಯನ್ನು ಕೈಯಲ್ಲಿ ಹಿಡಿದು ಸಂತನಿಗೆ ಒಪ್ಪಿಸುತ್ತಿರೋ ಹಾಗೆ ತನ್ನನ್ನೇ ಬರೆಸಿಕೊಂಡಿದ್ದಾನೆ. ಗೋಡೆಯ ಮೇಲೆ ಆ ಸೀಮೆಯ ಸರದಾರರ ಗುರಾಣಿಗಳ ಸಾಲೇ ಇದೆ. ನಂತರದ ಪುಸ್ತಕಗಳಲ್ಲಿ ಬರುವ ರಿಬ್ಬನ್ನು, ಎಲೆಬಳ್ಳಿ ಯಾವುದೂ ಇಲ್ಲ. ದ್ವುಗೋಶ್ ಹುಟ್ಟುವುದಕ್ಕೂ ನಾಲ್ಕು ದಶಕ ಮೊದಲಿನದು.

ಕುಂಚಪ್ಪ_ತುಮಕೂರು:
ಎಲ್ಲರಿಗೂ ಧನ್ಯವಾದ. ಫೋಟೋ ಹುಡುಕಿದೆ, ಸಿಕ್ಕಿತು. ಮೂರು ಲೆಲಿವಾ ಬಿಡಿಸಿದ್ದನ್ನು ಒಂದೇ ಹಾಳೆಯಲ್ಲಿ ಇಟ್ಟು ಕೆಳಗೆ ಮೂರು ಹೆಸರು ಬರೀತೀನಿ. ಕೊನೇ ಪ್ರಶ್ನೆ: ಚಂದ್ರನ ಕೊಂಬು ಯಾವ ಕಡೆ? ಗುರಾಣಿಯ ಮೇಲೆ ಬಿಡಿಸುವ ಕಬ್ಬಿಣದ ಟೋಪಿಯ ಮೇಲೆ ಏನು ಬರಬೇಕು?

ಮಸಿಕುಡಿಕೆ:
ಕೊಂಬು ಮೇಲಕ್ಕೆ, ನಕ್ಷತ್ರ ಎರಡು ಕೊಂಬಿನ ನಡುವೆ. ಟೋಪಿಯ ಮೇಲೆ ಕಿರೀಟ, ಅದರ ಮೇಲೆ ಬಿಚ್ಚಿದ ನವಿಲುಗರಿ, ಗರಿಯ ಮೇಲೆ ಮತ್ತೆ ಅದೇ ಚಂದ್ರ, ನಕ್ಷತ್ರ. ನವಿಲುಗರಿಗೆ ಹಸಿರು ಜಾಸ್ತಿ ಹಚ್ಚಬೇಡಿ, ಚಂದ್ರ ಮುಳುಗಿಹೋಗುತ್ತೆ.